ಬಿಯರ್ಡೆಡ್ ಡ್ರ್ಯಾಗನ್ ಯಾಕೆ ಹೀಗೆ ಆಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಯರ್ಡೆಡ್ ಡ್ರ್ಯಾಗನ್ ಅಂದರೆ ಮನೆಯಲ್ಲಿ ಸಾಕುವ ಒಂದು ಬಗೆಯ ಓತಿ, ಗಂಟಲ ಕೆಳಗಿನ ಮುಳ್ಳುಮುಳ್ಳು ಚರ್ಮವೇ ಅದರ ‘ಗಡ್ಡ’. ಅದನ್ನು ತಂದವರು ಮೊದಲ ಕೆಲವು ವಾರ ಲೈಟು, ಹುಳ, ಸೊಪ್ಪು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಅದೆಲ್ಲ ಒಂದು ಹದಕ್ಕೆ ಬಂದ ಮೇಲೆ ಬೇರೆ ಪ್ರಶ್ನೆಗಳು ಶುರುವಾಗುತ್ತವೆ. ಕೈ ಯಾಕೆ ಬೀಸುತ್ತಿದೆ? ಗಡ್ಡ ಯಾಕೆ ಕಪ್ಪಾಯಿತು? ಒಂದೇ ಇದೆ, ಪಾಪ ಬೇಜಾರಾಗಿರಬಹುದಾ? ಇಲ್ಲಿರುವುದು ಅಂಥ ಪ್ರಶ್ನೆಗಳು ಮಾತ್ರ. ಆಸ್ಟ್ರೇಲಿಯಾದ ನಮ್ಮ ಮನೆಯಲ್ಲಿ ಕೆಂಚಿ ಅನ್ನುವ ಹೆಣ್ಣು ಡ್ರ್ಯಾಗನ್ ಇದೆ. ಉತ್ತರಗಳ ಮಧ್ಯೆ ಅವಳೂ ಆಗಾಗ ಬರುತ್ತಾಳೆ. ಸಾಕುವವರೆಲ್ಲ ‘ಬಿಯರ್ಡಿ’ ಅಂತಲೇ ಕರೆಯುವುದರಿಂದ ನಾನೂ ಹಾಗೇ ಬರೆಯುತ್ತೇನೆ.

ಬಿಯರ್ಡಿ ಮೂಲತಃ ಎಲ್ಲಿಯದು? ಅದರ ನಡವಳಿಕೆಗೂ ಊರಿಗೂ ಸಂಬಂಧ ಇದೆಯಾ?

ಇದೆ, ಜಾಸ್ತಿನೇ ಇದೆ. ಮನೆಗಳಲ್ಲಿ ಸಾಕುವುದು ಹೆಚ್ಚಾಗಿ ಪೊಗೊನಾ ವಿಟ್ಟಿಸೆಪ್ಸ್ ಅನ್ನುವ ಜಾತಿಯನ್ನು. ಆಸ್ಟ್ರೇಲಿಯಾದ ಒಳನಾಡಿನ ಬಿಸಿ, ಒಣ ಬಯಲು ಇದರ ಊರು. ಅಲ್ಲಿ ರಸ್ತೆ ಪಕ್ಕದ ಬೇಲಿ ಗೂಟದ ಮೇಲೋ ಒಣ ಮರದ ಕೊಂಬೆಯ ಮೇಲೋ ಒಂದೊಂದೇ ಕೂತು ಬಿಸಿಲು ಕಾಯಿಸುತ್ತಿರುತ್ತವೆ. ಗೂಟಕ್ಕೊಂದು ಅನ್ನುವುದು ಮುಖ್ಯ. ಒಂದು ಒಳ್ಳೆಯ ಗೂಟ ಅಂದರೆ ಬಿಸಿಲು, ಸುತ್ತಲಿನ ನೋಟ, ಓಡಾಡುವ ಹುಳಗಳು. ಅದನ್ನು ಪಕ್ಕದವರ ಜೊತೆ ಹಂಚಿಕೊಳ್ಳುವ ಅಭ್ಯಾಸ ಇದಕ್ಕಿಲ್ಲ.

ಸಂಸಾರವೂ ಅಷ್ಟಕ್ಕಷ್ಟೇ. ತಾಯಿ ಮಣ್ಣು ಅಗೆದು ಮೊಟ್ಟೆಯಿಟ್ಟು ಮುಚ್ಚಿ ಹೊರಟುಬಿಡುತ್ತದೆ. ಮರಿಗಳು ಹುಟ್ಟಿದ ಗಳಿಗೆಯಿಂದ ತಮ್ಮ ಪಾಡು ತಾವೇ ನೋಡಿಕೊಳ್ಳಬೇಕು.

ನಮಗೆ ಇದು ಪೂರ್ತಿ ಅಪರಿಚಿತ ಪ್ರಾಣಿಯೇನಲ್ಲ. ನಮ್ಮ ತೋಟದ ಬೇಲಿಯ ಓತಿಕ್ಯಾತ, ರಾಮನಗರದ ಕಡೆ ಬಂಡೆಗಳ ಮೇಲೆ ಕಾಣುವ ಕೆಂಪು-ಕಪ್ಪಿನ ಬಂಡೆ ಓತಿ, ಈ ಬಿಯರ್ಡಿ ಎಲ್ಲವೂ ಅಗಾಮಿಡೇ ಅನ್ನುವ ಒಂದೇ ಕುಟುಂಬಕ್ಕೆ ಸೇರಿದವು. ಓತಿಕ್ಯಾತ ಗೂಟದ ಮೇಲೆ ಕೂತು ತಲೆ ಆಡಿಸುವುದನ್ನು ನೋಡಿದವರಿಗೆ ಬಿಯರ್ಡಿಯ ಅರ್ಧ ನಡವಳಿಕೆ ಆಗಲೇ ಗೊತ್ತಿದ್ದ ಹಾಗೆ. ‘ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ’ ಅನ್ನುವ ಗಾದೆ ಆಸ್ಟ್ರೇಲಿಯಾದಲ್ಲೂ ಹೊಂದುತ್ತದೆ.

ಒಂದೇ ಇದ್ದರೆ ಬೇಜಾರಾಗಲ್ವಾ? ಜೊತೆಗೆ ಇನ್ನೊಂದನ್ನು ತರಬೇಕಾ?

ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವ ಪುರುಸೊತ್ತು ಇದ್ದರೆ ಇದನ್ನೇ ಓದಿ.

ನಾವು ಗುಂಪಿನಲ್ಲಿ ಬದುಕುವ ಜೀವಿಗಳು. ನಾವು ಸಾಕಿ ಅಭ್ಯಾಸವಾದ ನಾಯಿ, ಹಸು, ಗಿಳಿ, ಕೋಳಿ ಕೂಡ ಹಾಗೇ. ಹಾಗಾಗಿ ಒಂಟಿ ಪ್ರಾಣಿ ಕಂಡ ಕೂಡಲೇ ನಮಗೆ ಅಯ್ಯೋ ಅನಿಸುತ್ತದೆ. ಬಿಯರ್ಡಿಗೆ ಇನ್ನೊಂದು ಬಿಯರ್ಡಿ ಕಂಡರೆ ಅದು ಜೊತೆಗಾರ ಅಂತ ಅನಿಸುವುದಿಲ್ಲ. ಅದಕ್ಕೆ ಎದುರಾಗುವ ಪ್ರಶ್ನೆಗಳು ಮೂರು: ಇವನ ಜೊತೆ ಜಗಳ ಆಡಬೇಕಾ, ಇವನಿಗೆ ಬಗ್ಗಬೇಕಾ, ಇವಳ ಜೊತೆ ಕೂಡಬಹುದಾ? ಮೂರರಲ್ಲೂ ನೆಮ್ಮದಿ ಇಲ್ಲ.

ಎರಡು ಗಂಡುಗಳನ್ನು ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟರೆ ಜಗಳ ಖಾತ್ರಿ. ಎರಡು ಹೆಣ್ಣು ಹೊಂದಿಕೊಳ್ಳುತ್ತವೆ ಅನ್ನುವ ಮಾತು ಚಾಲ್ತಿಯಲ್ಲಿದೆ. ಕೆಲವು ಕಡೆ ತಿಂಗಳುಗಟ್ಟಲೆ ಏನೂ ಆಗದೆ ಇರುವುದೂ ಉಂಟು. ಆದರೆ ಜಗಳ ಕಾಣದಿದ್ದರೆ ಜಗಳ ಇಲ್ಲ ಅಂತ ಅರ್ಥವಲ್ಲ. ಜೋರಿನದು ಬಿಸಿ ಕೊಡುವ ಲೈಟಿನ ಕೆಳಗಿನ ಒಳ್ಳೆಯ ಜಾಗ ಹಿಡಿಯುತ್ತದೆ. ಮೊದಲು ಹುಳ ತಿನ್ನುವುದೂ ಅದೇ. ಇನ್ನೊಂದು ಮೂಲೆ ಸೇರುತ್ತದೆ. ಬಿಸಿ ಸಾಲದೆ ತಿಂದದ್ದು ಅರಗುವುದಿಲ್ಲ, ಯುವಿಬಿ ಬೆಳಕು (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಬೆಳಕು) ಸಾಲದೆ ಮೂಳೆ ಮೆತ್ತಗಾಗುತ್ತದೆ, ತೂಕ ಏರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಮಾತ್ರ ‘ಎರಡೂ ಎಷ್ಟು ಸಾಧು’. ಒಂದು ದಿನ ಬೆಳಿಗ್ಗೆ ನೋಡಿದರೆ ಕಾಲು ಬೆರಳಿಲ್ಲ, ಬಾಲದ ತುದಿ ಇಲ್ಲ. ಹಲ್ಲಿಯ ಬಾಲ ಮತ್ತೆ ಬೆಳೆಯುತ್ತದೆ, ಬಿಯರ್ಡಿಯದು ಬೆಳೆಯುವುದಿಲ್ಲ. ಹೋದರೆ ಹೋಯಿತು.

ಇನ್ನೊಂದು ಸಾಕಲೇಬೇಕು ಅಂತಿದ್ದರೆ ಇನ್ನೊಂದು ಪೆಟ್ಟಿಗೆ, ಇನ್ನೊಂದು ಲೈಟು, ಇನ್ನೊಂದು ಖರ್ಚು. ಹೊಸದನ್ನು ಮೊದಲ ಮೂರು ತಿಂಗಳು ಬೇರೆ ಕೋಣೆಯಲ್ಲೇ ಇಡುವುದು ಒಳ್ಳೆಯದು. ಅಗಾಮಿಡ್ ಅಡೆನೊವೈರಸ್ ಅನ್ನುವ ಸೋಂಕು ಹೊರಗೆ ಚೆನ್ನಾಗಿ ಕಾಣುವ ಪ್ರಾಣಿಯಲ್ಲೂ ಇರಬಹುದು, ಒಂದರಿಂದ ಒಂದಕ್ಕೆ ಹಬ್ಬುತ್ತದೆ.

ಅಂಗಡಿಯಲ್ಲಿ ಹತ್ತಾರು ಮರಿಗಳನ್ನು ಒಟ್ಟಿಗೆ ಇಟ್ಟಿರುತ್ತಾರಲ್ಲ?

ಅದು ಅಂಗಡಿಯ ಅನುಕೂಲ. ಮರಿಗಳು ಒಂದರ ಕಾಲು, ಬಾಲ ಇನ್ನೊಂದು ಕಚ್ಚುವುದು ಅಲ್ಲೇ ಜಾಸ್ತಿ. ಅಲುಗಾಡಿದ್ದೆಲ್ಲ ಹುಳದ ಹಾಗೆ ಕಾಣುವ ವಯಸ್ಸು ಅದು. ಕೊಳ್ಳುವ ಮುಂಚೆ ಬೆರಳುಗಳನ್ನು ಎಣಿಸಿ, ಬಾಲದ ತುದಿ ನೋಡಿ.

ಒಂದರ ಮೇಲೊಂದು ಮಲಗಿರುತ್ತವೆ. ಅದು ಪ್ರೀತಿ ಅಲ್ವಾ?

ಫೋಟೋಗೆ ಮುದ್ದಾಗಿ ಕಾಣುತ್ತದೆ, ನಿಜ. ಆದರೆ ಲೈಟು ಎಲ್ಲಿದೆ ನೋಡಿ. ಮೇಲೆ ಕೂತದ್ದು ಬಿಸಿಲಿಗೆ ಹತ್ತಿರ, ಕೆಳಗಿನದಕ್ಕೆ ನೆರಳು. ಯುವಿಬಿ ಬೆಳಕೂ ಮೇಲಿನದರ ಬೆನ್ನಿಗೇ. ಒಳ್ಳೆಯ ಜಾಗ ಒಂದೇ ಇದ್ದಾಗ ದೊಡ್ಡದು ಅದನ್ನು ಹಿಡಿಯುವ ರೀತಿ ಇದು. ಕೆಳಗಿನದು ಜಾಗ ಬಿಟ್ಟುಕೊಟ್ಟು ಸುಮ್ಮನಿದೆ, ಅಷ್ಟೇ.

ಗಂಡು-ಹೆಣ್ಣು ಜೋಡಿಯಾಗಿ ಇಟ್ಟರೆ?

ಹೆಣ್ಣಿಗೆ ಕಷ್ಟ. ಗಂಡು ಸುಮ್ಮನೆ ಬಿಡುವುದಿಲ್ಲ. ತಲೆ ಜೋರಾಗಿ ಆಡಿಸಿ, ಗಡ್ಡ ಕಪ್ಪು ಮಾಡಿ, ಮುಂಗಾಲು ನೆಲಕ್ಕೆ ಬಡಿದು, ಅಟ್ಟಿಸಿಕೊಂಡು ಹೋಗಿ ಕುತ್ತಿಗೆಯ ಚರ್ಮ ಕಚ್ಚಿ ಹಿಡಿಯುತ್ತದೆ. ಬಯಲಿನಲ್ಲಾದರೆ ಹೆಣ್ಣು ಓಡಿಹೋಗಬಹುದು. ನಾಲ್ಕಡಿ ಪೆಟ್ಟಿಗೆಯಲ್ಲಿ ಎಲ್ಲಿಗೆ ಓಡುತ್ತದೆ?

ಒಂದು ಸಲಕ್ಕೆ ಸುಮಾರು 15ರಿಂದ 25 ಮೊಟ್ಟೆ. ಒಂದೇ ಋತುವಿನಲ್ಲಿ ಹಲವು ಸಲ ಇಡಬಹುದು. ಹೆಣ್ಣು ವೀರ್ಯವನ್ನು ಒಳಗೇ ಉಳಿಸಿಕೊಳ್ಳುವುದರಿಂದ ಒಂದೇ ಸಲ ಕೂಡಿದರೂ ಮುಂದೆ ಮತ್ತೆ ಫಲವಾದ ಮೊಟ್ಟೆ ಬರಬಹುದು. ಪ್ರತಿ ಸಲವೂ ಮೈಯಲ್ಲಿರುವ ಕ್ಯಾಲ್ಸಿಯಂ ಖಾಲಿಯಾಗುತ್ತದೆ. ಆ ಮೇಲೆ ಇಪ್ಪತ್ತು ಮರಿಗಳಿಗೆ ಮನೆ ಹುಡುಕುವ ಕೆಲಸ ನಿಮ್ಮದು.

ಕೈ ಎತ್ತಿ ಬೀಸುತ್ತದೆ. ನನಗೆ ಹಾಯ್ ಹೇಳುತ್ತಿದೆಯಾ?

ಇದೊಂದು ನಡವಳಿಕೆಗೇ ಮನಸೋತು ಬಿಯರ್ಡಿ ಕೊಂಡವರಿದ್ದಾರೆ. ನೋಡಲು ಅಷ್ಟು ಚೆನ್ನ. ಮೂರು ಕಾಲ ಮೇಲೆ ನಿಂತು, ಒಂದು ಮುಂಗಾಲನ್ನು ಮೆಲ್ಲಗೆ ಎತ್ತಿ, ಗಾಳಿಯಲ್ಲಿ ವೃತ್ತ ಬರೆದ ಹಾಗೆ ಸುತ್ತಿಸಿ ಕೆಳಗಿಡುತ್ತದೆ. ಬೆರಳುಗಳು ಅಗಲವಾಗಿ ಬಿಚ್ಚಿಕೊಂಡಿರುತ್ತವೆ. ಇಡೀ ಚಲನೆ ಎಷ್ಟು ನಿಧಾನ ಅಂದರೆ ವಿಡಿಯೋ ನಿಂತು ನಿಂತು ಓಡುತ್ತಿದೆಯೇನೋ ಅನಿಸುತ್ತದೆ. ಮೈ ಮಾತ್ರ ಒಂಚೂರೂ ಅಲುಗುವುದಿಲ್ಲ. ಕಣ್ಣು ಎದುರಿಗಿರುವವರ ಮೇಲೇ.

ಬಯಲಿನಲ್ಲಿ ಚಿಕ್ಕದು ದೊಡ್ಡದನ್ನು ಕಂಡಾಗ ಹೀಗೆ ಮಾಡುತ್ತದೆ. ‘ನಿನ್ನನ್ನು ನೋಡಿದ್ದೇನೆ, ನಾನೂ ನಿನ್ನ ಜಾತಿಯವನೇ, ನಿನ್ನ ತಂಟೆಗೆ ಬರಲ್ಲ’ ಅನ್ನುವ ಥರ. ಮರಿಗಳು ಮತ್ತು ಹೆಣ್ಣುಗಳು ಇದನ್ನು ಹೆಚ್ಚು ಮಾಡುತ್ತವೆ. ಅಮೆರಿಕದ ಬೇಯರ್ಡ್ ಬ್ರಾಟ್‌ಸ್ಟ್ರಾಮ್ ಅನ್ನುವ ಸಂಶೋಧಕ ಇದರ ಹತ್ತಿರದ ನಂಟನಾದ ಪೂರ್ವ ಆಸ್ಟ್ರೇಲಿಯಾದ ಬಿಯರ್ಡೆಡ್ ಡ್ರ್ಯಾಗನ್ ಬಗ್ಗೆ 1971ರಲ್ಲೇ ಬರೆದ ಪ್ರಬಂಧದಲ್ಲಿ ಈ ಕೈ ಬೀಸುವಿಕೆಯನ್ನು ಶರಣಾಗತಿಯ ಸೂಚನೆ ಅಂತ ವಿವರಿಸಿದ್ದಾರೆ.

ಹಾಗಾದರೆ ನಿಮಗೆ ಕೈ ಬೀಸಿದರೆ? ನೀವು ಅದರ ಕಣ್ಣಿಗೆ ತುಂಬ ದೊಡ್ಡವರು ಅಂತ. ಹೊಸ ಮರಿ ಮನೆಗೆ ಬಂದ ಮೊದಲ ದಿನಗಳಲ್ಲಿ ಬೀಸಿದರೆ ಸಹಜ. ದೂರ ಸರಿದು ಕೂತುಕೊಳ್ಳಿ. ಬೆಳೆದದ್ದು ದಿನವಿಡೀ ಬೀಸುತ್ತಿದ್ದರೆ ಅದು ಯಾರನ್ನೋ ನೋಡಿ ಹೆದರಿಕೊಂಡಿದೆ. ಎದುರಿನ ಪೆಟ್ಟಿಗೆಯ ಇನ್ನೊಂದು ಬಿಯರ್ಡಿ, ಸೋಫಾ ಮೇಲಿನ ಬೆಕ್ಕು, ಗಾಜಿನಲ್ಲಿ ಕಾಣುವ ತನ್ನದೇ ಪ್ರತಿಬಿಂಬ, ಯಾರಾದರೂ ಆಗಬಹುದು. ವಿಡಿಯೋ ಮಾಡಿ ಹಂಚುವ ಮುಂಚೆ ಅದರ ಕಣ್ಣು ಎತ್ತ ನೋಡುತ್ತಿದೆ ಅಂತ ನೋಡಿ.

ತಲೆ ಆಡಿಸುವುದು ಏನು ಸೂಚಿಸುತ್ತದೆ?

ಆಡಿಸುವ ವೇಗ ನೋಡಬೇಕು. ಮೈಯೆಲ್ಲ ಅದುರುವ ಹಾಗೆ ಪಟಪಟ ಅಂತ ಆಡಿಸಿದರೆ ‘ಇದು ನನ್ನ ಜಾಗ’ ಅಂತ, ಇಲ್ಲವೇ ಹೆಣ್ಣನ್ನು ಕಂಡ ಉತ್ಸಾಹ. ನಿಧಾನವಾಗಿ, ಒಪ್ಪಿಗೆ ಕೊಟ್ಟ ಹಾಗೆ ಆಡಿಸಿದರೆ ಬಗ್ಗಿದೆ ಅಂತ. ಗಂಡು ಪಟಪಟ ಆಡಿಸಿದ್ದಕ್ಕೆ ಹೆಣ್ಣು ನಿಧಾನಕ್ಕೆ ಆಡಿಸಿ ಉತ್ತರ ಕೊಡುವುದುಂಟು, ಜೊತೆಗೆ ಕೈಯನ್ನೂ ಬೀಸಬಹುದು. ಸೋಫಾ ಮೆತ್ತೆಯನ್ನೋ ನಿಮ್ಮ ಮೊಣಕೈಯನ್ನೋ ನೋಡಿ ತಲೆ ಆಡಿಸುವ ಗಂಡುಗಳೂ ಇವೆ. ಅದಕ್ಕೆ ಬೈಯುವುದರಿಂದ ಪ್ರಯೋಜನ ಇಲ್ಲ.

ಗಡ್ಡ ಕಪ್ಪಾಗುತ್ತದೆ. ಕೋಪಾನಾ?

ಹಲವು ಸಲ ಹೌದು, ಆದರೆ ಯಾವಾಗಲೂ ಅಲ್ಲ. ಬಿಯರ್ಡಿಯ ಮೈಯಲ್ಲಿ ಬಣ್ಣ ಎರಡು ಬೇರೆ ಕೆಲಸ ಮಾಡುತ್ತದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದರು. ಬೆನ್ನಿನ ಬಣ್ಣ ಬದಲಾಗುವುದು ಹೆಚ್ಚಾಗಿ ಬಿಸಿ-ತಂಪಿನ ಲೆಕ್ಕಕ್ಕೆ. ಗಂಟಲು ಮತ್ತು ಎದೆಯ ಬಣ್ಣ ಬದಲಾಗುವುದು ಎದುರಿಗೆ ಇನ್ನೊಂದು ಡ್ರ್ಯಾಗನ್ ಇದ್ದಾಗ. ಬೆಳಿಗ್ಗೆ ಲೈಟು ಹಾಕಿದ ಕೂಡಲೇ ಬೆನ್ನು ಕಂದಾಗಿದ್ದರೆ ಬಿಸಿ ಹೀರಿಕೊಳ್ಳುತ್ತಿದೆ ಅಂತ. ಅರ್ಧ ಗಂಟೆ ಬಿಟ್ಟು ನೋಡಿ, ಬೆಚ್ಚಗಾದ ಮೇಲೆ ತಿಳಿಯಾಗಿರುತ್ತದೆ. ಅದಕ್ಕೂ ಸಿಟ್ಟಿಗೂ ಸಂಬಂಧವಿಲ್ಲ.

ಗಡ್ಡದ ವಿಷಯ ಬೇರೆ. ಮನೆಗೆ ಬಂದ ನೆಂಟರೊಬ್ಬರು ದೊಡ್ಡ ಕಪ್ಪು ಟೋಪಿ ಹಾಕಿಕೊಂಡೇ ಕೆಂಚಿಯ ಪೆಟ್ಟಿಗೆಯ ಮೇಲೆ ಬಗ್ಗಿದ್ದರು. ಮೊದಲು ಗಂಟಲ ಮಧ್ಯೆ ಒಂದು ಮಸಿ ಚುಕ್ಕೆ ಕಂಡಿತು. ಅದು ಎರಡೂ ಕಡೆ ಹರಡಿತು. ಗಡ್ಡ ಹೊರಗೆ ಚಾಚಿ ಮುಳ್ಳುಗಳೆಲ್ಲ ನಿಮಿರಿದವು. ಮೈ ಚಪ್ಪಟೆಯಾಗಿ ಟೋಪಿಯ ಕಡೆಗೆ ವಾಲಿತು, ಎದುರಾಳಿಗೆ ಅಗಲವಾಗಿ ಕಾಣಲಿ ಅಂತ. ಆಮೇಲೆ ಬಾಯಿ ತೆರೆದು ಒಂದು ಬುಸ್. ಟೋಪಿ ತೆಗೆದ ಮೇಲೆ ಬಣ್ಣ ಇಳಿಯಲು ಶುರುವಾಯಿತು.

ಗಂಡುಗಳಲ್ಲಿ ಕಪ್ಪು ಇನ್ನೂ ಗಾಢ, ಸಂತಾನದ ಋತುವಿನಲ್ಲಿ ದಿನಕ್ಕೆ ಹಲವು ಸಲ. ಯಾವ ಕಾರಣವೂ ಕಾಣದೆ ಗಡ್ಡ ದಿನಗಟ್ಟಲೆ ಕಪ್ಪಾಗೇ ಇದ್ದು, ಊಟವನ್ನೂ ಬಿಟ್ಟಿದ್ದರೆ ನೋವಿರಬಹುದು. ಮಲಬದ್ಧತೆ, ಹೊಟ್ಟೆಯಲ್ಲಿ ಸಿಕ್ಕಿಕೊಂಡ ಮೊಟ್ಟೆ, ಇನ್ನೇನೋ ಕಾಯಿಲೆ. ಅದಕ್ಕೆ ಡಾಕ್ಟರ್ ಬೇಕು.

ಗಡ್ಡ ಉಬ್ಬಿಸುತ್ತದೆ, ಆದರೆ ಕಪ್ಪಾಗುವುದಿಲ್ಲ.

ಮೈ ಮುರಿಯುತ್ತಿದೆ. ನಿದ್ದೆಯಿಂದ ಎದ್ದ ಮೇಲೆ ಒಂದೆರಡು ಸಲ ಹೀಗೆ ಮಾಡುವುದು ಸಾಮಾನ್ಯ.

ಬಾಯಿ ಕಳೆದುಕೊಂಡು ಕೂತಿರುತ್ತದೆ. ಬೆದರಿಕೆಯಾ?

ಲೈಟಿನ ಕೆಳಗೆ, ಮೈ ಸಡಿಲ ಬಿಟ್ಟು, ಕಣ್ಣು ಅರ್ಧ ಮುಚ್ಚಿ ಬಾಯಿ ತೆರೆದಿದ್ದರೆ ಸೆಕೆ ಬಿಡುತ್ತಿದೆ. ಬಿಯರ್ಡಿಗೆ ಬೆವರುವುದು ಗೊತ್ತಿಲ್ಲ. ಬಿಸಿ ಜಾಗ ಸುಮಾರು 38ರಿಂದ 42 ಡಿಗ್ರಿ ಸೆಲ್ಸಿಯಸ್, ತಂಪು ತುದಿ 22ರಿಂದ 26 ಇದ್ದರೆ ತನಗೆ ಬೇಕಾದ ಕಡೆ ಅದೇ ಸರಿಯುತ್ತದೆ. ತಂಪು ಜಾಗದಲ್ಲಿ ಕೂತೂ ಬಾಯಿ ತೆರೆದೇ ಇದ್ದರೆ, ಉಸಿರಿನ ಜೊತೆ ಸದ್ದೋ ಲೋಳೆಯೋ ಇದ್ದರೆ ಶ್ವಾಸಕೋಶದ ಸೋಂಕಿರಬಹುದು. ಬೆದರಿಕೆಯ ಬಾಯಿ ಯಾರಿಗೂ ತಪ್ಪಿ ಹೋಗುವುದಿಲ್ಲ: ಗಡ್ಡ ಕಪ್ಪು, ಮೈ ಬಿಗಿ, ಮುಖ ನಿಮ್ಮ ಕಡೆ.

ಗಾಜಿನ ಮೇಲೆ ಹತ್ತಲು ನೋಡುತ್ತಾ ಕೆರೆಯುತ್ತಲೇ ಇರುತ್ತದೆ. ಯಾಕೆ?

ಕಾರಣ ಒಂದೇ ಇರಬೇಕಾಗಿಲ್ಲ. ಪೆಟ್ಟಿಗೆ ಚಿಕ್ಕದು, ಒಳಗೆ ಅತಿ ಬಿಸಿ, ಹಸಿವು, ಹೊಸ ಮನೆ, ಇಲ್ಲವೇ ಪ್ರತಿಬಿಂಬ. ಪೂರ್ತಿ ಬೆಳೆದ ಬಿಯರ್ಡಿ ತಲೆಯಿಂದ ಬಾಲದ ತುದಿಗೆ 45ರಿಂದ 60 ಸೆಂ.ಮೀ. ಬರುತ್ತದೆ. ಅದಕ್ಕೆ 120 ಸೆಂ.ಮೀ. ಉದ್ದದ ಪೆಟ್ಟಿಗೆ ಅಂದರೆ ಎರಡು ಮೈಯಳತೆ ಅಷ್ಟೇ. ಅದಕ್ಕಿಂತ ಕಡಿಮೆಯಾದರೆ ಕೆರೆಯದೆ ಏನು ಮಾಡುತ್ತದೆ?

ಪ್ರತಿಬಿಂಬದ ಅನುಮಾನ ಇದ್ದರೆ ಮೂರು ಬದಿಗೆ ಹೊರಗಿನಿಂದ ಕಾಗದ ಅಂಟಿಸಿ ನೋಡಿ. ಕೋಣೆ ಕತ್ತಲಾಗಿ ಪೆಟ್ಟಿಗೆಯೊಳಗೆ ಮಾತ್ರ ಬೆಳಕಿದ್ದಾಗ ಗಾಜು ಕನ್ನಡಿಯಾಗುತ್ತದೆ. ಹಾಗಾಗಿ ಸಂಜೆ ಹೊತ್ತು ಕೆರೆತ ಜಾಸ್ತಿಯಾದರೆ ಮೊದಲು ಇದನ್ನೇ ಅನುಮಾನಿಸಿ. ಕನ್ನಡಿ ಹಿಡಿದು ಆಟ ಆಡಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಎಷ್ಟು ಹೆದರಿಸಿದರೂ ಹಿಂದೆ ಸರಿಯದ ಎದುರಾಳಿ ಅದಕ್ಕೆ ಕಾಣುತ್ತಿರುತ್ತದೆ.

ನನ್ನನ್ನು ಗುರುತು ಹಿಡಿಯುತ್ತದಾ? ನನ್ನ ಮೇಲೆ ಪ್ರೀತಿ ಇದೆಯಾ?

ಎರಡು ಪ್ರಶ್ನೆ ಇದು. ಗುರುತಿಗೆ ನನ್ನ ಉತ್ತರ ಹೌದು. ದಿನಾ ಹುಳ ಕೊಡುವ ಕೈ, ಮನೆಯವರ ವಾಸನೆ, ಕೋಣೆಯ ದಿನಚರಿ ಅದಕ್ಕೆ ಅಭ್ಯಾಸವಾಗುತ್ತದೆ. ಕೆಂಚಿ ನಾನು ಹುಳದ ಡಬ್ಬ ಹಿಡಿದು ಬಂದರೆ ಗಾಜಿಗೆ ಮೂತಿ ತಗುಲಿಸಿ ನಿಲ್ಲುತ್ತಾಳೆ. ಅದೇ ನಾನು ಲ್ಯಾಪ್‌ಟಾಪ್ ಹಿಡಿದು ಬಂದರೆ ಕಣ್ಣು ಕೂಡ ತಿರುಗಿಸುವುದಿಲ್ಲ.

ಪ್ರೀತಿ ಅಂದರೆ ನಾಯಿಯ ಥರದ್ದು ಬಯಸಬೇಡಿ. ಎದೆಯ ಮೇಲೆ ಬಂದು ಮಲಗುವುದು ನಿಮ್ಮ ಮೈ ಬೆಚ್ಚಗಿದೆ ಅಂತ, ನಿಮ್ಮಿಂದ ಅಪಾಯವಿಲ್ಲ ಅಂತ ಗೊತ್ತಾಗಿದೆ ಅಂತ. ಓಡಿಹೋಗುವ ಸ್ವಾತಂತ್ರ್ಯ ಇದ್ದೂ ಓಡದೆ ಕೂತಿದೆಯಲ್ಲ. ಕೋಟ್ಯಂತರ ವರ್ಷ ಹದ್ದು-ಹಾವುಗಳಿಗೆ ಹೆದರಿ ಬದುಕಿದ ವಂಶದ ಪ್ರಾಣಿಯಿಂದ ನನಗಂತೂ ಅಷ್ಟು ಸಾಕು.

ತಲೆ ಸವರಿದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಖುಷಿಯಾ?

ಬೆಕ್ಕಿನ ಲೆಕ್ಕ ಇಲ್ಲಿ ಹಾಕಬೇಡಿ. ಬೇಡದ್ದನ್ನು ಸಹಿಸಿಕೊಳ್ಳುವಾಗಲೂ ಬಿಯರ್ಡಿ ಕಣ್ಣು ಮುಚ್ಚುತ್ತದೆ, ಕೆಲವೊಮ್ಮೆ ಕೈ ಇರುವ ಕಡೆಯದನ್ನು ಮಾತ್ರ. ಸವರುವುದು ನಿಲ್ಲಿಸಿ ಕೈ ಅಲ್ಲೇ ಬಿಡಿ. ಕಣ್ಣು ತೆರೆದು ಅದೇ ಮುಂದೆ ಬಂದರೆ ಸರಿ. ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡೇ ಇದ್ದರೆ ಇವತ್ತಿಗೆ ಅಷ್ಟು ಸಾಕು.

ಕೈ ಹಾಕಿದರೆ ಓಡುತ್ತದೆ. ಹೇಗೆ ಎತ್ತಿಕೊಳ್ಳಬೇಕು?

ಮೇಲಿನಿಂದ ಕೈ ಹಾಕುವುದೇ ತೊಂದರೆ. ಬಿಯರ್ಡಿಯ ನೆತ್ತಿಯ ಮೇಲೆ ಒಂದು ಸಣ್ಣ ಮಸುಕು ಚುಕ್ಕೆ ಇದೆ, ಹತ್ತಿರದಿಂದ ನೋಡಿದರೆ ಕಾಣುತ್ತದೆ. ಅದು ಮೂರನೆಯ ಕಣ್ಣು. ಚಿತ್ರ ಕಾಣದಿದ್ದರೂ ಬೆಳಕು-ನೆರಳು ಅದಕ್ಕೆ ಗೊತ್ತಾಗುತ್ತದೆ. ಮೇಲಿನಿಂದ ನೆರಳು ಬಿತ್ತು ಅಂದರೆ ಬಯಲಿನ ಡ್ರ್ಯಾಗನ್‌ಗೆ ಅದು ಬೇಟೆ ಹಕ್ಕಿ. ನಿಮ್ಮ ಕೈಯೂ ಅಷ್ಟೇ.

ಪಕ್ಕದಿಂದ, ಅದಕ್ಕೆ ಕಾಣುವ ಹಾಗೆ, ಕೈ ತಗ್ಗಿಸಿ ತನ್ನಿ. ಎದೆಯ ಕೆಳಗೆ ಅಂಗೈ ಸರಿಸಿ, ನಾಲ್ಕೂ ಕಾಲಿಗೆ ಆಧಾರ ಸಿಗುವ ಹಾಗೆ ಎತ್ತಿ. ಬಾಲ ಹಿಡಿದು ಎಳೆಯಬಾರದು. ಹೊಸದಾಗಿ ತಂದದ್ದಾದರೆ ಮೊದಲ ಒಂದೆರಡು ವಾರ ಎತ್ತಲೇ ಬೇಡಿ. ಊಟ ಹಾಕಿ, ಪಕ್ಕದಲ್ಲಿ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ. ಆಮೇಲೆ ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ. ಅದು ಹೆದರಿ ಒದ್ದಾಡುವಾಗ ಬಲವಂತವಾಗಿ ಹಿಡಿದಿಟ್ಟರೆ ಹೆದರಿಕೆ ಗಟ್ಟಿಯಾಗುತ್ತದೆ.

ಕಂಡದ್ದನ್ನೆಲ್ಲ ನೆಕ್ಕುತ್ತದೆ!

ಅದರ ಮೂಗಿನ ಅರ್ಧ ಕೆಲಸ ನಾಲಗೆಯದು. ನಾಲಗೆಗೆ ಅಂಟಿದ ವಾಸನೆಯ ಕಣಗಳನ್ನು ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್ಸನ್ ಅಂಗ ಪರೀಕ್ಷೆ ಮಾಡುತ್ತದೆ. ಗಂಡುಗಳ ತೊಡೆಯ ಕೆಳಗೆ ಸಾಲಾಗಿ ಇರುವ ರಂಧ್ರಗಳಿಂದ ಮೇಣದಂಥ ವಸ್ತು ಒಸರುತ್ತದೆ. ನಡೆದ ಕಡೆ ಅದರ ಗುರುತು ಉಳಿಯುತ್ತದೆ. ನೀವು ಇನ್ನೊಬ್ಬರ ಮನೆಯ ಬಿಯರ್ಡಿ ಮುಟ್ಟಿ ಬಂದರೆ ನಿಮ್ಮದು ಕೈ ನೆಕ್ಕಿ ಗಡ್ಡ ಕಪ್ಪು ಮಾಡಬಹುದು. ಸೋಂಕಿನ ದೃಷ್ಟಿಯಿಂದಲೂ ಕೈ ತೊಳೆದು ಬರುವುದೇ ಸರಿ.

ಜೊತೆ ಬೇಡ ಅಂತೀರಿ. ಹಾಗಾದರೆ ಇವಕ್ಕೆ ಇನ್ನೊಂದರಿಂದ ಕಲಿಯುವ ಬುದ್ಧಿಯೂ ಇಲ್ವಾ?

ಇದೆ. ನನಗೆ ಈ ಪ್ರಾಣಿಯ ಬಗ್ಗೆ ತುಂಬ ಇಷ್ಟವಾದ ಸಂಗತಿಯೇ ಇದು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವೊಂದು 2014-15ರಲ್ಲಿ ಪ್ರಕಟವಾಯಿತು. ತಂತಿ ಜಾಲರಿಯ ಸಣ್ಣ ಬಾಗಿಲು, ಅದರಾಚೆ ತಿಂಡಿ. ಒಂದು ಬಿಯರ್ಡಿಗೆ ತಲೆಯಿಂದ ಬಾಗಿಲನ್ನು ಪಕ್ಕಕ್ಕೆ ಸರಿಸುವುದನ್ನು ಕಲಿಸಿದರು. ಅದರ ವಿಡಿಯೋವನ್ನು ಉಳಿದವಕ್ಕೆ ತೋರಿಸಿದರು. ನೋಡಿದವು ತಾವೂ ಹಾಗೇ ತಲೆಯಿಂದ ಬಾಗಿಲು ಸರಿಸಿದವು, ಅದೂ ವಿಡಿಯೋದಲ್ಲಿ ಕಂಡ ದಿಕ್ಕಿಗೇ. ಯಾರೂ ತೆರೆಯದೆ ಬಾಗಿಲು ತಾನೇ ಸರಿಯುವುದನ್ನು ನೋಡಿದ ಗುಂಪಿನಲ್ಲಿ ಒಂದಕ್ಕೂ ಅದು ಹೊಳೆಯಲಿಲ್ಲ. ಸರೀಸೃಪಗಳು ಅನುಕರಣೆಯಿಂದ ಕಲಿಯುತ್ತವೆ ಅನ್ನುವುದಕ್ಕೆ ಸಿಕ್ಕ ಮೊದಲ ಗಟ್ಟಿ ಆಧಾರ ಅದು.

ಒಂಟಿಯಾಗಿ ಬದುಕುವ ಪ್ರಾಣಿಗೆ ಪಕ್ಕದವನ ಮೇಲೆ ಕಣ್ಣಿಡುವ ಅಗತ್ಯ ಇದ್ದೇ ಇರುತ್ತದೆ. ಆ ಕಣ್ಣಿಗೆ ಕೆಲಸ ಕೊಡಲು ಜೊತೆಗಾರನೇ ಬೇಕಾಗಿಲ್ಲ. ಹುಳವನ್ನು ಬಟ್ಟಲಿಗೆ ಹಾಕುವ ಬದಲು ಓಡಲು ಬಿಡಿ, ಅಗೆಯಲು ಮಣ್ಣಿನ ಡಬ್ಬ ಇಡಿ, ಹತ್ತುವ ಕೊಂಬೆಗಳನ್ನು ಆಗಾಗ ಬದಲಾಯಿಸಿ, ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ಕೂರಿಸಿ.

ಇಷ್ಟು ದಿನ ಸಾಧುವಾಗಿತ್ತು. ಈಗ ಹತ್ತಿರ ಹೋದರೆ ಬುಸ್ ಅನ್ನುತ್ತದೆ.

ವಯಸ್ಸು ಎಷ್ಟು? ಆರು ತಿಂಗಳಿಂದ ಒಂದು ವರ್ಷದೊಳಗೆ ಆದರೆ ಹರೆಯ. ಅಲ್ಲಿಯವರೆಗೆ ಕೈ ಬೀಸುತ್ತಿದ್ದ ಮರಿ ಈಗ ತಲೆ ಆಡಿಸಲು, ಗಡ್ಡ ಕಪ್ಪು ಮಾಡಲು ಶುರು ಮಾಡುತ್ತದೆ. ದೊಡ್ಡದಾದರೆ ಸಂತಾನದ ಋತು ಇರಬಹುದು. ಪೊರೆ ಬಿಡುತ್ತಿದ್ದರೂ ಸಿಡುಕು ಇರುತ್ತದೆ. ಚರ್ಮ ಬಿಳಿಚಿ ಮಂಕಾಗಿದ್ದರೆ ಅದೇ ಕಾರಣ. ಪೊರೆ ಕಿತ್ತು ತೆಗೆಯಬೇಡಿ. ಇದ್ಯಾವುದೂ ಅಲ್ಲ, ಜೊತೆಗೆ ಊಟವನ್ನೂ ಬಿಟ್ಟಿದೆ ಅಂದರೆ ಪರೀಕ್ಷೆ ಮಾಡಿಸಿ.

ನಮ್ಮದು ಹೆಣ್ಣು ಅಂತಾರೆ, ಆಡುವುದೆಲ್ಲ ಗಂಡಿನ ಥರ. ಸಾಧ್ಯವಾ?

ಸಾಧ್ಯ. ಹೆಣ್ಣುಗಳೂ ಗಡ್ಡ ಕಪ್ಪು ಮಾಡುತ್ತವೆ, ತಲೆ ಆಡಿಸುತ್ತವೆ. ಇದರ ಹಿಂದೆ ಇನ್ನೊಂದು ವಿಚಿತ್ರವೂ ಇದೆ. ಬಿಯರ್ಡಿಗಳಲ್ಲಿ ಗಂಡಿನ ವರ್ಣತಂತುಗಳಿರುವ ಮೊಟ್ಟೆ 32 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಬೆಳೆದರೆ ಹೆಣ್ಣಾಗಿ ಹುಟ್ಟಬಹುದು, ಅದು ಮೊಟ್ಟೆಯನ್ನೂ ಇಡುತ್ತದೆ. ಬಯಲಿನಲ್ಲೂ ಹೀಗಾಗುತ್ತಿದೆ ಅಂತ 2015ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಮರುವರ್ಷದ ಅಧ್ಯಯನದಲ್ಲಿ ಇಂಥ ಹೆಣ್ಣುಗಳ ಧೈರ್ಯ, ಚುರುಕು ಗಂಡಿನ ಹಾಗಿರುವುದು ಕಂಡಿತು. ನಿಮ್ಮದು ಅಂಥದ್ದೇ ಅಂತ ನೋಡಿ ಹೇಳಲು ಆಗುವುದಿಲ್ಲ, ಅದಕ್ಕೆ ಜೀನ್ ಪರೀಕ್ಷೆ ಬೇಕು.

ಗಂಡೇ ಇಲ್ಲ, ಆದರೂ ಹೆಣ್ಣು ದಿನವಿಡೀ ಮಣ್ಣು ಅಗೆಯುತ್ತಿದೆ.

ಮೊಟ್ಟೆ ಇರಬಹುದು. ಕೋಳಿಯ ಹಾಗೆ ಬಿಯರ್ಡಿಯೂ ಗಂಡಿಲ್ಲದೆ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ. ತೇವದ ಮರಳು-ಮಣ್ಣು ತುಂಬಿದ ಆಳದ ಡಬ್ಬ ಕೊಡಿ, ಬಟ್ಟೆ ಹೊದಿಸಿ ಮರೆ ಮಾಡಿ, ಬಗ್ಗಿ ಬಗ್ಗಿ ನೋಡಬೇಡಿ. ಅಗೆದು ಅಗೆದು ಸುಸ್ತಾಗಿದೆ, ಮೊಟ್ಟೆ ಬರುತ್ತಿಲ್ಲ ಅಂದರೆ ಕಾಯುತ್ತಾ ಕೂರಬೇಡಿ.

ಚಳಿಗಾಲದಲ್ಲಿ ಮೂಲೆ ಸೇರಿ ಮಲಗಿದೆ, ಎಬ್ಬಿಸಿದರೂ ಏಳಲ್ಲ. ಮುನಿಸಾ?

ಮುನಿಸೇನಿಲ್ಲ. ಬಯಲಿನಲ್ಲಿ ಚಳಿಗಾಲ ಕಳೆಯುವ ರೀತಿ ಅದು, ಬ್ರುಮೇಶನ್ ಅನ್ನುತ್ತಾರೆ. ಕೆಲವು ವಾರದಿಂದ ಎರಡು-ಮೂರು ತಿಂಗಳವರೆಗೂ ಆಗಬಹುದು. ಲೈಟು ಒಂದೇ ಸಮ ಇಟ್ಟರೂ ಕೆಲವು ಮಲಗುತ್ತವೆ. ಮಲಗುವ ಮುಂಚೆ ಮಲ ಪರೀಕ್ಷೆ ಮಾಡಿಸಿದ್ದರೆ ಒಳ್ಳೆಯದು, ಹೊಟ್ಟೆಯಲ್ಲಿ ಪರಾವಲಂಬಿಗಳಿದ್ದರೆ ಈ ನಿದ್ದೆಯಲ್ಲಿ ಸೊರಗುತ್ತದೆ. ತೂಕ ಬರೆದಿಟ್ಟುಕೊಳ್ಳಿ. ಒಂದು ವರ್ಷ ತುಂಬದ ಮರಿ ಹೀಗೆ ಮಲಗಿದರೆ ಬ್ರುಮೇಶನ್ ಅಂದುಕೊಂಡು ಬಿಡಬೇಡಿ, ತೋರಿಸಿ.

ರಾತ್ರಿ ನಿದ್ದೆಯ ಬಗ್ಗೆ ಒಂದು ಮಾತು. ಜರ್ಮನಿಯ ಫ್ರಾಂಕ್‌ಫರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾ ಸಂಸ್ಥೆಯವರು 2016ರಲ್ಲಿ ಇದೇ ಜಾತಿಯ ಮಿದುಳಿನಲ್ಲಿ ನಮ್ಮ ಹಾಗೇ ಎರಡು ಬಗೆಯ ನಿದ್ದೆ ಇರುವುದನ್ನು ಕಂಡರು. ಒಂದು ಸುತ್ತು ಸುಮಾರು 80 ಸೆಕೆಂಡಿನದು, ರಾತ್ರಿಯಿಡೀ ಅದೇ ಮರುಕಳಿಸುತ್ತದೆ. ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗುಡ್ಡೆ ಅಲುಗಿದ್ದು ಕಂಡರೆ ಗಾಬರಿ ಬೇಡ.

ಬೆಕ್ಕು, ನಾಯಿ ಜೊತೆ ಗೆಳೆತನ ಆಗುತ್ತದಾ?

ಬೇಡ. ಬೆಕ್ಕು ಪಕ್ಕದಲ್ಲಿ ಕೂತಾಗ ಬಿಯರ್ಡಿ ಅಲುಗದೆ ಇರುವುದು ಹೆದರಿ ಮರಗಟ್ಟಿದ್ದಕ್ಕೂ ಇರಬಹುದು. ಬೆಕ್ಕಿನ ಬಾಯಲ್ಲಿರುವ ಬ್ಯಾಕ್ಟೀರಿಯಾದಿಂದ ಒಂದು ಸಣ್ಣ ಗೀರೂ ನಂಜಾಗುತ್ತದೆ.

ಮಕ್ಕಳ ಕೈಗೆ ಕೊಡಬಹುದಾ?

ಮೆಲ್ಲಗೆ ಹಿಡಿಯಬಲ್ಲ ಮಕ್ಕಳಾದರೆ, ದೊಡ್ಡವರು ಪಕ್ಕದಲ್ಲಿದ್ದರೆ, ಕೊಡಬಹುದು. ಬಿಯರ್ಡಿ ಕಚ್ಚುವುದು ಅಪರೂಪ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಷ್ಟು ಅಪರೂಪ ಅಲ್ಲ. ಅಮೆರಿಕದಲ್ಲಿ 2014ರಲ್ಲಿ ಹಬ್ಬಿದ ಸಾಲ್ಮೊನೆಲ್ಲಾ ಸೋಂಕಿನ ಮೂಲ ಸಾಕಿದ ಬಿಯರ್ಡಿಗಳೇ ಅಂತ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪತ್ತೆ ಮಾಡಿತ್ತು, ಕಾಯಿಲೆ ಬಿದ್ದವರಲ್ಲಿ ಬಹಳ ಮಂದಿ ಚಿಕ್ಕ ಮಕ್ಕಳು. ಐದು ವರ್ಷದೊಳಗಿನ ಮಕ್ಕಳ ಕೈಗೆ ಬೇಡ. ಮುತ್ತು ಕೊಡುವುದು, ಅಡುಗೆಮನೆಯ ಸಿಂಕಿನಲ್ಲಿ ಸ್ನಾನ ಮಾಡಿಸುವುದು ಯಾರಿಗೂ ಬೇಡ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಎಲ್ಲರಿಗೂ.

ಇನ್ನೊಂದು, ಇದು ಚೆನ್ನಾಗಿ ನೋಡಿಕೊಂಡರೆ 8ರಿಂದ 12 ವರ್ಷ ಬದುಕುವ ಪ್ರಾಣಿ. ಮೂರನೇ ಕ್ಲಾಸಿನ ಮಗು ಹಠ ಮಾಡಿ ತಂದದ್ದನ್ನು ಅದು ಕಾಲೇಜಿಗೆ ಹೋದ ಮೇಲೆ ನೋಡಿಕೊಳ್ಳುವವರು ಅಪ್ಪ-ಅಮ್ಮ.

ಕೊಳ್ಳುವ ಮುಂಚೆ ಕಾನೂನಿನ ವಿಷಯ ಏನಾದರೂ ನೋಡಬೇಕಾ?

ಆಸ್ಟ್ರೇಲಿಯಾದ ಬಹುತೇಕ ರಾಜ್ಯಗಳಲ್ಲಿ ಪರವಾನಗಿ ಬೇಕು, ಬಯಲಿನಿಂದ ಹಿಡಿದು ತರುವ ಹಾಗಿಲ್ಲ. ಇಲ್ಲಿಂದ ಈ ಪ್ರಾಣಿಗಳ ವ್ಯಾಪಾರಿ ರಫ್ತಿಗೂ ನಿಷೇಧ ಇದೆ. ಅಮೆರಿಕ, ಯುರೋಪಿನ ಅಂಗಡಿಗಳಲ್ಲಿ ಸಿಗುವುದು ಅಲ್ಲೇ ತಲೆಮಾರುಗಳಿಂದ ಸಾಕಿ ಬೆಳೆಸಿದ ಸಂತತಿ. ಭಾರತದಲ್ಲಿ ಇರುವವರು ಮಾರುವವನ ಮಾತು ನಂಬುವ ಮುಂಚೆ ಅರಣ್ಯ ಇಲಾಖೆಯನ್ನೇ ಕೇಳಿ. ಅದು ಸಿಗಲಿಲ್ಲ ಅಂತ ಬೇಲಿಯ ಓತಿಕ್ಯಾತವನ್ನು ಹಿಡಿದು ಡಬ್ಬಕ್ಕೆ ಹಾಕಬೇಡಿ. ಅದು ಬೇಲಿಯ ಮೇಲಿದ್ದಾಗಲೇ ತಲೆ ಆಡಿಸುವುದು, ಗಂಟಲು ಕೆಂಪಾಗಿಸುವುದು ಎಲ್ಲ ಚೆನ್ನಾಗಿ ಕಾಣುತ್ತದೆ.

ಯಾವ ನಡವಳಿಕೆ ಕಂಡರೆ ಡಾಕ್ಟರ ಹತ್ತಿರ ಓಡಬೇಕು?

ಕಾಲು ನಡುಗುವುದು, ಎದ್ದು ನಿಲ್ಲಲು ಆಗದೆ ಹೊಟ್ಟೆಯ ಮೇಲೆ ತೆವಳುವುದು, ದವಡೆ ಮೆತ್ತಗಾಗುವುದು. ಇವು ಮೂಳೆಯ ಕಾಯಿಲೆಯ ಗುರುತುಗಳು. ತಲೆ ಮೇಲಕ್ಕೆ ತಿರುಚಿಕೊಂಡು ಆಕಾಶ ನೋಡುವುದು ನರಗಳ ತೊಂದರೆ. ದಿನಗಟ್ಟಲೆ ಇಳಿಯದ ಕಪ್ಪು ಗಡ್ಡ, ತಂಪಿನಲ್ಲೂ ತೆರೆದ ಬಾಯಿ, ಮೊಟ್ಟೆ ಬಾರದ ಅಗೆತ ಹಿಂದೆಯೇ ಬಂದಿವೆ. ಮರಿಗಳ ಹೊಟ್ಟೆಯ ಮೇಲೆ ಕಾಣುವ ಕಪ್ಪು ಗೆರೆ, ಉಂಗುರಗಳು ಅಷ್ಟು ತುರ್ತಲ್ಲ. ಅವು ಹೆದರಿಕೆಗೋ ತಂಪಿಗೋ ಬಂದು, ಕಾರಣ ಹೋದ ಮೇಲೆ ಮಾಯವಾಗುತ್ತವೆ.

ನಾಯಿ-ಬೆಕ್ಕು ನೋಡುವ ಎಲ್ಲ ಡಾಕ್ಟರುಗಳಿಗೂ ಸರೀಸೃಪ ಗೊತ್ತಿರುವುದಿಲ್ಲ. ಗೊತ್ತಿರುವವರು ನಿಮ್ಮೂರಿನಲ್ಲಿ ಯಾರಿದ್ದಾರೆ ಅಂತ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಹೋಗುವಾಗ ಆ ನಡವಳಿಕೆಯ ಒಂದು ವಿಡಿಯೋ, ಪೆಟ್ಟಿಗೆಯ ಫೋಟೋ, ಬಿಸಿ ಮತ್ತು ತಂಪು ತುದಿಯ ಉಷ್ಣಾಂಶ, ಯುವಿಬಿ ಬಲ್ಬ್ ಹಾಕಿ ಎಷ್ಟು ತಿಂಗಳಾಯಿತು ಅನ್ನುವ ಲೆಕ್ಕ ಜೊತೆಗಿರಲಿ. ಅಲ್ಲಿ ಟೇಬಲ್ ಮೇಲೆ ಇಟ್ಟ ಕೂಡಲೇ ಅದು ಏನೂ ಆಗೇ ಇಲ್ಲ ಅನ್ನುವ ಹಾಗೆ ಕೂತುಬಿಡುತ್ತದೆ.